ಅಟ್ಟ ಮುರಿಯುವಷ್ಟು ಪ್ಲಗಿನ್ ಬೇಡ, ಐದು ಸಾಕು

ಕಳೆದ ಮಳೆಗಾಲದಲ್ಲಿ ದಬ್ಬೇಘಟ್ಟದ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದಾಗ ಓದುಗರೊಬ್ಬರು ತಮ್ಮ ಫೋನನ್ನು ನಮ್ಮ ಮುಂದೆ ಹಿಡಿದರು. "ನೋಡ್ರಣ್ಣ, ನಿಮ್ಮ ಸುದ್ದಿ ಒತ್ತಿ ಆಗ್ಲೇ ಎಷ್ಟೊತ್ತಾಯ್ತು. ಬರೀ ಚಕ್ರ ತಿರುಗ್ತಾ ಐತೆ. ಬಂದ್ರೂ ಮೊದ್ಲು ಏನೋ ಅಡ್ಡ ಬರ್ತದೆ, ಅದನ್ನ ಮುಚ್ಚೋದು ಎಲ್ಲಿ ಅಂತ್ಲೂ ಗೊತ್ತಾಗಲ್ಲ." ಅಡ್ಡ ಬರುತ್ತಿದ್ದುದು ನಾವೇ ಹಾಕಿದ್ದ ಪಾಪ್‌ಅಪ್. ಅದರ ಕೆಳಗಿದ್ದದ್ದು ತಿಪಟೂರು ಕೊಬ್ಬರಿ ಹರಾಜಿನ ದರ, ಎರಡೇ ಸಾಲು. ಆ ಎರಡು ಸಾಲಿಗೆ ಅವರು ಟೀ ಆರುವವರೆಗೆ ಕಾದಿದ್ದರು.

ಅವತ್ತು ರಾತ್ರಿ ಕೂತು ಎಣಿಸಿದೆವು. ನಮ್ಮ ತಾಣದಲ್ಲಿ 31 ಪ್ಲಗಿನ್ ಇದ್ದವು. ಇದು ಯಾಕೆ ಎಂದು ಒಂದೊಂದಕ್ಕೂ ಕೇಳಿಕೊಂಡರೆ ಉತ್ತರ ಸಿಕ್ಕಿದ್ದು ಆರೇಳಕ್ಕೆ ಮಾತ್ರ.

ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ತಾಣ ನಡೆಯುವುದು ವರ್ಡ್‌ಪ್ರೆಸ್ ಮೇಲೆ. 2003ರಲ್ಲಿ ಬಂದ ಮುಕ್ತ ತಂತ್ರಾಂಶ ಇದು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ದುಡ್ಡು ಕೊಡಬೇಕಿಲ್ಲ. ಶಾಲೆ, ಸಂಘ, ದೇವಸ್ಥಾನದ ಎಷ್ಟೋ ತಾಣಗಳು ಇದರ ಮೇಲೇ ಇವೆ. ಅದಕ್ಕೆ ಜೋಡಿಸಿಕೊಳ್ಳುವ ಹೆಚ್ಚುವರಿ ಭಾಗಗಳೇ ಪ್ಲಗಿನ್. ವರ್ಡ್‌ಪ್ರೆಸ್‌ನ ಸ್ವಂತ ಪಟ್ಟಿಯಲ್ಲೇ 50 ಸಾವಿರಕ್ಕೂ ಹೆಚ್ಚು ಪುಕ್ಕಟೆ ಪ್ಲಗಿನ್‌ಗಳಿವೆ. ಪುಕ್ಕಟೆ ಎಂದ ಕೂಡಲೇ ನಮ್ಮ ಕೈ ನಿಲ್ಲಲಿಲ್ಲ.

ಈ ಪುಕ್ಕಟೆ ಎಂಬುದೇ ಸುಳ್ಳು. ದುಡ್ಡು ಹೋಗುವುದು ಓದುಗರ ಡೇಟಾದಿಂದ. ಯುನಿಕೋಡ್ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತ ಚಿಹ್ನೆಗೂ ಸಾಮಾನ್ಯವಾಗಿ 3 ಬೈಟ್ ಬೇಕು. ಹಾಗಿದ್ದರೂ 700 ಪದಗಳ ಲೇಖನದ ತೂಕ ಸುಮಾರು 20 ಕೆಬಿ. ಜಾರುವ ಫೋಟೋ ಪೆಟ್ಟಿಗೆ, ಚಂದದ ಫಾಂಟು, ಸಾಲು ಸಾಲು ಶೇರ್ ಬಟನ್ನು ಸೇರಿದರೆ ಅದರ ಹತ್ತಾರು ಪಟ್ಟು ಆಗುತ್ತದೆ. ಒಂದು ಉಂಡೆ ಕೊಬ್ಬರಿ ಕೇಳಿ ಬಂದವರ ತಲೆ ಮೇಲೆ ಮೂಟೆ ಸಿಪ್ಪೆ ಹೊರಿಸಿ ಕಳಿಸಿದ ಹಾಗೆ.

ಭಾರ ಹೋಗಲಿ, ಭಯ ಇನ್ನೂ ದೊಡ್ಡದು. ಪ್ರತಿ ಪ್ಲಗಿನ್ನೂ ಮನೆಗೆ ಇಟ್ಟ ಇನ್ನೊಂದು ಬಾಗಿಲು. 2020ರ ಸೆಪ್ಟೆಂಬರ್‌ನಲ್ಲಿ ಫೈಲ್ ಮ್ಯಾನೇಜರ್ ಎಂಬ ಪ್ಲಗಿನ್ನಿನಲ್ಲಿ ತೂತು ಕಂಡಿತು. ಪಾಸ್‌ವರ್ಡ್ ಇಲ್ಲದೆಯೇ ಕಳ್ಳರು ಒಳಗೆ ಬರಬಹುದಿತ್ತು. ಅದನ್ನು ಹಾಕಿಕೊಂಡಿದ್ದ ತಾಣಗಳು ಸುಮಾರು 7 ಲಕ್ಷ. 2017ರಲ್ಲಿ ಕ್ಯಾಪ್ಚಾ ಎಂಬ ಪ್ಲಗಿನ್ನನ್ನು ಮಾಡಿದವರು ಬೇರೆಯವರಿಗೆ ಮಾರಿದರು. ಕೊಂಡವರು ಅಪ್‌ಡೇಟ್ ಹೆಸರಲ್ಲಿ ಕಳ್ಳಗಿಂಡಿ ಸೇರಿಸಿ ಕಳಿಸಿದರು. ಇವತ್ತು ಒಳ್ಳೆಯವರ ಕೈಯಲ್ಲಿರುವುದು ನಾಳೆ ಯಾರ ಕೈಗೆ ಹೋಗುತ್ತದೋ ನಮಗೆ ತಿಳಿಯುವುದಿಲ್ಲ.

ನಮಗೂ ಪೆಟ್ಟು ಬಿದ್ದಿದೆ. ಎರಡು ವರ್ಷದಿಂದ ಅಪ್‌ಡೇಟ್ ಇಲ್ಲದ ಸ್ಲೈಡರ್ ಪ್ಲಗಿನ್ ಒಂದು ನಮ್ಮಲ್ಲಿತ್ತು. ವರ್ಡ್‌ಪ್ರೆಸ್ ಹೊಸ ಆವೃತ್ತಿಗೆ ಬಂದ ದಿನ ತಾಣ ಬಿಳಿ ಹಾಳೆಯಾಯಿತು. ಸರಿಮಾಡಲು ಹೋಗಿ ನಾವೇ ಡೇಟಾಬೇಸ್ ಕೆಡಿಸಿದೆವು. 31 ಪ್ಲಗಿನ್ ಇದ್ದ ಕಡೆ ಬ್ಯಾಕಪ್ ಮಾಡುವ ಒಂದು ಇರಲಿಲ್ಲ. ಹೋದ ಬರಹಗಳಲ್ಲಿ ಹಿಂದೆ ನೀರುಗಂಟಿ ಕೆಲಸ ಮಾಡಿದ್ದ ಅಜ್ಜ ಒಬ್ಬರು ಹೇಳಿ ಬರೆಸಿದ ಕೆರೆ, ತೂಬು, ಕಾಲುವೆಗಳ ವಿವರವೂ ಇತ್ತು. ಅಜ್ಜ ಈಗಿಲ್ಲ. ಮತ್ತೆ ಯಾರನ್ನು ಕೇಳುವುದು?

ಆಮೇಲೆ ಜಗಳವಾಡಿ, ಕೊನೆಗೆ ಐದನ್ನು ಉಳಿಸಿಕೊಂಡೆವು.

ಒಂದು, ಬ್ಯಾಕಪ್. ಅಪ್‌ಡ್ರಾಫ್ಟ್‌ಪ್ಲಸ್ ಪುಕ್ಕಟೆ ಆವೃತ್ತಿಯೇ ಗೂಗಲ್ ಡ್ರೈವ್‌ಗೆ ಪ್ರತಿ ಇಡುತ್ತದೆ. ಪ್ರತಿ ಅದೇ ಸರ್ವರ್‌ನಲ್ಲಿದ್ದರೆ ಪ್ರಯೋಜನವಿಲ್ಲ. ಬೀಜದ ಕಾಯಿಯನ್ನು ಬೇರೆ ಕಡೆ ಎತ್ತಿಡಬೇಕು.

ಎರಡು, ಕ್ಯಾಶ್. ಇದಿಲ್ಲದಿದ್ದರೆ ಪ್ರತಿ ಓದುಗರಿಗೂ ಪುಟವನ್ನು ಹೊಸದಾಗಿ ಕಟ್ಟಬೇಕು. ಗಿರಾಕಿ ಬಂದ ಮೇಲೆ ಹೋಟೆಲಿನವರು ಹಿಟ್ಟು ರುಬ್ಬುತ್ತಾರೆಯೇ? ಡಬ್ಲ್ಯುಪಿ ಸೂಪರ್ ಕ್ಯಾಶ್ ಪುಟವನ್ನು ಸಿದ್ಧವಾಗಿ ಇಟ್ಟಿರುತ್ತದೆ.

ಮೂರು, ಲಾಗಿನ್ ಕಾವಲು. ಪಾಸ್‌ವರ್ಡ್ ಜೊತೆಗೆ ಫೋನಿನಲ್ಲಿ ಬರುವ ಕೋಡ್ ಕೂಡ ಕೇಳುವಂಥದ್ದು.

ನಾಲ್ಕು, ಕಸದ ಕಾಮೆಂಟ್ ತಡೆಯುವುದು. ಕಾಮೆಂಟ್ ಬೇಡವೆಂದು ಮುಚ್ಚಿದರೆ ಇದೂ ಬೇಕಿಲ್ಲ.

ಐದನೆಯದಕ್ಕೆ ನಾವು ಸೋತೆವು. "ಎಸ್‌ಇಒ ಪ್ಲಗಿನ್ ಇಲ್ಲದಿದ್ದರೆ ಗೂಗಲ್‌ನಲ್ಲಿ ಸಿಗುವುದಿಲ್ಲ" ಎಂದು ಗೆಳೆಯರೊಬ್ಬರು ಪಟ್ಟು ಹಿಡಿದರು. ಗೂಗಲ್‌ಗೆ ಬೇಕಾದ ಸೈಟ್‌ಮ್ಯಾಪ್ ಅನ್ನು 2020ರ 5.5ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ ತಾನೇ ಮಾಡುತ್ತದೆ, ಅಲ್ಲಿ ಅವರ ಮಾತು ನಿಲ್ಲಲಿಲ್ಲ. ಆದರೆ ನಮ್ಮ ಓದುಗರು ಬರುವುದು ವಾಟ್ಸಾಪ್ ಗುಂಪುಗಳಿಂದ. ಲಿಂಕ್ ಕಳಿಸಿದಾಗ ಫೋಟೋ, ಶೀರ್ಷಿಕೆ ಸರಿಯಾಗಿ ಕಾಣಲು ಬೇಕಾದ ಗುರುತುಗಳನ್ನು ವರ್ಡ್‌ಪ್ರೆಸ್ ತಾನಾಗಿ ಹಾಕುವುದಿಲ್ಲ. ಎಸ್‌ಇಒ ಪ್ಲಗಿನ್ ಹಾಕುತ್ತದೆ. ಅದೊಂದಕ್ಕಾಗಿ ಉಳಿಯಲಿ ಎಂದೆವು.

ಮಿಕ್ಕ ಎಷ್ಟೋ ಪ್ಲಗಿನ್‌ಗಳ ಕೆಲಸ ವರ್ಡ್‌ಪ್ರೆಸ್ ಒಳಗೇ ಇದೆ. ಓದುಗರು ಕೆಳಗೆ ಸರಿದಾಗ ಮಾತ್ರ ಫೋಟೋ ಇಳಿಯುವ ವ್ಯವಸ್ಥೆ ಅದೇ 5.5ರಿಂದ ಇದೆ. ಇನ್ನು ಕೆಲವಕ್ಕೆ ನಮ್ಮ ಕೈಯೇ ಸಾಕು. ಕನ್ನಡ ಶೀರ್ಷಿಕೆ ಕೊಟ್ಟರೆ ಲಿಂಕ್‌ನಲ್ಲಿ ಒಂದೊಂದು ಅಕ್ಷರವೂ ಒಂಬತ್ತು ಗುರುತುಗಳಾಗಿ ಉದ್ದ ಬಾಲ ಬೆಳೆಯುತ್ತದೆ. ಪ್ರಕಟಿಸುವ ಮೊದಲು ಲಿಂಕ್ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆದರೆ ಮುಗಿಯಿತು. ಹಳೆಯ ನುಡಿ ಫಾಂಟಿನಲ್ಲಿ ಬಂದ ಪತ್ರಿಕಾ ಪ್ರಕಟಣೆಯನ್ನು ಯುನಿಕೋಡ್‌ಗೆ ಬದಲಿಸಿಯೇ ಅಂಟಿಸಿ.

"ಹೀಗೆ ಬೋಳು ಮಾಡಿದರೆ ಯಾರು ನೋಡುತ್ತಾರೆ?" ಎನ್ನುವವರಿಗೆ ಒಂದು ಉದಾಹರಣೆ. ಸಾಹಿತ್ಯಾಸಕ್ತರೆಲ್ಲ ಓದಿದ 'ಅವಧಿ' ಆರಂಭದಲ್ಲಿ ಇದ್ದದ್ದು ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲಿ. ಆಗ ಅಲ್ಲಿ ಸ್ವಂತ ಪ್ಲಗಿನ್ ಹಾಕಿಕೊಳ್ಳಲು ಅವಕಾಶವೇ ಇರಲಿಲ್ಲ. ಜನ ಬಂದದ್ದು ಬರಹಕ್ಕಾಗಿ.

ಅಟ್ಟಕ್ಕೆ ಎಷ್ಟು ಕಾಯಿ ತುಂಬಬೇಕು ಎಂಬುದು ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ತೊಲೆ ತಡೆಯುವಷ್ಟು ತುಂಬುತ್ತಾರೆ. ಡಿಪ್ಲೊಮಾ ಮಾಡಿ ಬಂದ ನಮಗೆ ಆ ಲೆಕ್ಕ ಮರೆತಿತ್ತು. ಈಗ ತಿಂಗಳಿಗೊಮ್ಮೆ ಕೂತು ಒಂದೊಂದು ಪ್ಲಗಿನ್‌ಗೂ ಕೇಳುತ್ತೇವೆ: ಇದನ್ನು ತೆಗೆದರೆ ದಬ್ಬೇಘಟ್ಟದ ಓದುಗರಿಗೆ ಏನು ನಷ್ಟ? ಉತ್ತರವಿಲ್ಲದಿದ್ದರೆ ಅಳಿಸುತ್ತೇವೆ. ಬರೀ ಆಫ್ ಮಾಡಿ ಬಿಡಬೇಡಿ, ಫೈಲು ಒಳಗೇ ಇದ್ದರೆ ತೂತೂ ಅಲ್ಲೇ ಇರುತ್ತದೆ.

ನಿಮ್ಮ ಶಾಲೆ, ಹಾಲಿನ ಡೇರಿ, ತೆಂಗು ಬೆಳೆಗಾರರ ಸಂಘಕ್ಕೆ ಯಾರಾದರೂ ತಾಣ ಮಾಡಿಕೊಟ್ಟಿದ್ದರೆ ಇವತ್ತೇ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಒಳಗೆ ಎಷ್ಟು ಪ್ಲಗಿನ್ ಇವೆ? ಬ್ಯಾಕಪ್ ಎಲ್ಲಿದೆ? ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇದೆ? ಮೂರಕ್ಕೂ ಉತ್ತರ ಬರುವವರೆಗೆ ಬಾಕಿ ದುಡ್ಡು ಕೊಡಬೇಡಿ.