ತಂತಿಯಲ್ಲಿ ಉಳಿತಾಯ, ವ್ಯಾಪಾರಕ್ಕೆ ನಷ್ಟ

ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ಕಾರಿಗೆ ಅಲಾರಂ, ಸ್ಟೀರಿಯೋ ಅಳವಡಿಸುವ ಮಳಿಗೆಗಳ ಪೈಪೋಟಿ ಬಹುಮಟ್ಟಿಗೆ ದರದ ಮೇಲೆಯೇ ನಡೆಯುತ್ತದೆ. ದರ ಇಳಿಸುವ ಭರದಲ್ಲಿ ಮೊದಲು ಕತ್ತರಿ ಬೀಳುವುದು ಗ್ರಾಹಕನ ಕಣ್ಣಿಗೆ ಕಾಣದ ವೈರಿಂಗಿಗೆ. ಇದು ತಪ್ಪು ಲೆಕ್ಕಾಚಾರ.

12 ವೋಲ್ಟ್ ಬ್ಯಾಟರಿಯಿಂದ 240 ವ್ಯಾಟ್ ಎಳೆಯುವ ಆಂಪ್ಲಿಫಯರ್‌ಗೆ 20 ಆಂಪಿಯರ್ ವಿದ್ಯುತ್ ಹರಿಯುತ್ತದೆ. ಆ ಹೊರೆಗೆ ತೆಳು ತಂತಿ ಕಾಯುತ್ತದೆ. ತಂತಿಯ ಸಾಮರ್ಥ್ಯಕ್ಕೆ ತಕ್ಕ ಫ್ಯೂಸನ್ನು ಬ್ಯಾಟರಿಯ ಸಮೀಪದಲ್ಲೇ ಹಾಕಬೇಕು. ತಗಡಿನ ರಂಧ್ರಕ್ಕೆ ರಬ್ಬರ್ ಗ್ರಾಮೆಟ್ ತೊಡಿಸಬೇಕು. ಕಾರಿನ ಮೂಲ ತಂತಿಗಳನ್ನು ಕತ್ತರಿಸದೆ ಕಪ್ಲರ್ ಬಳಸಬೇಕು. ಅಲಾರಂ ಜೋಡಿಸಿದ ಮೇಲೆ, ನಿಂತ ವಾಹನದ ಬ್ಯಾಟರಿಯಿಂದ ಸೋರುವ ವಿದ್ಯುತ್ತನ್ನು ಮಲ್ಟಿಮೀಟರಿನಲ್ಲಿ ಅಳೆಯಬೇಕು. ಅದು ಸಾಮಾನ್ಯವಾಗಿ 50 ಮಿಲಿಆಂಪಿಯರ್ ಮೀರಬಾರದು.

ಕಾಗದಪತ್ರವೂ ಅಷ್ಟೇ ಮುಖ್ಯ. ಅನಂತರ ಅಳವಡಿಸಿದ ಉಪಕರಣದ ಮೌಲ್ಯವನ್ನು ವಿಮಾ ಪಾಲಿಸಿಯಲ್ಲಿ ಪ್ರತ್ಯೇಕವಾಗಿ ನಮೂದಿಸಿ ಹೆಚ್ಚುವರಿ ಪ್ರೀಮಿಯಂ ಕಟ್ಟದಿದ್ದರೆ, ಕಾರಿನೊಂದಿಗೆ ಅದು ಕಳುವಾದರೂ ಸುಟ್ಟರೂ ಅದರ ಬೆಲೆಗೆ ಪರಿಹಾರ ಕೇಳಲು ಬರುವುದಿಲ್ಲ. ನಮೂದಿಸಲು ಬಿಲ್ಲು ಬೇಕು. ಬಿಲ್ಲಿಲ್ಲದೆ ಅಗ್ಗಕ್ಕೆ ಮಾರಿದವನು ಗ್ರಾಹಕನ ಆ ಹಕ್ಕನ್ನು ಕಸಿದಂತೆಯೇ ಸರಿ.

ತಂತಿ, ಫ್ಯೂಸು, ಕಪ್ಲರುಗಳ ವಿವರವನ್ನು ಬಿಲ್ಲಿನಲ್ಲೇ ಬರೆದುಕೊಡುವ ಪದ್ಧತಿಯನ್ನು ವರ್ತಕರೇ ಆರಂಭಿಸಲಿ. ಆಗ ಗ್ರಾಹಕನು ದರದ ಜೊತೆಗೆ ಕೆಲಸವನ್ನೂ ಹೋಲಿಸಿ ನೋಡಬಲ್ಲನು.