ಕೈಪಿಡಿ ಮೊಬೈಲಿಗೆ ಬಂತು, ಕನ್ನಡ ಬಂತೇ?

ಕಾಸರಗೋಡು: ಹೊಸ ಮಿಕ್ಸಿಯೋ ಪಂಪ್‌ಸೆಟ್ಟೋ ಮನೆಗೆ ಬಂದರೆ ಪೆಟ್ಟಿಗೆಯ ತಳದಲ್ಲಿ ಒಂದು ಪುಸ್ತಕ ಇರುತ್ತಿತ್ತು. ಓದುವವರು ಕಡಿಮೆ, ಆದರೂ ಕಪಾಟಿನಲ್ಲಿ ಜೋಪಾನವಾಗಿ ಇಡುತ್ತಿದ್ದರು. ಈಗ ಎಷ್ಟೋ ಪೆಟ್ಟಿಗೆಗಳಲ್ಲಿ ಸಿಗುವುದು ಒಂದೇ ಹಾಳೆ, ಅದರ ಮೂಲೆಯಲ್ಲೊಂದು ಕ್ಯೂಆರ್ ಕೋಡ್. ಉಳಿದದ್ದನ್ನು ಮೊಬೈಲಿನಲ್ಲಿ ನೋಡಿಕೊಳ್ಳಿ ಅಂತ.

ಈ ಬದಲಾವಣೆ ಅಡುಗೆಮನೆಯಿಂದ ಶುರುವಾದದ್ದಲ್ಲ. ಐಪ್ಯಾಡ್ ಬಂದದ್ದು 2010ರಲ್ಲಿ. 2013ರ ಹೊತ್ತಿಗೆ ಅಮೆರಿಕನ್ ಏರ್‌ಲೈನ್ಸ್ ಪೈಲಟ್‌ಗಳು ಹೊರುತ್ತಿದ್ದ ಸುಮಾರು 16 ಕಿಲೋ ಕೈಪಿಡಿ-ನಕಾಶೆಗಳ ಚೀಲದ ಜಾಗಕ್ಕೆ ಟ್ಯಾಬ್ಲೆಟ್ ಬಂದಿತ್ತು. ಇಂಧನ ಉಳಿಯಿತು, ಹಳೆ ಪುಟ ಕಿತ್ತು ಹೊಸದನ್ನು ಸೇರಿಸುವ ಕಾಟವೂ ತಪ್ಪಿತು.

ಬರೆಯುವ ಕ್ರಮವೂ ಬದಲಾಗಿದೆ. ಇನ್ನೂರು ಪುಟದ ಪುಸ್ತಕವನ್ನು ಹಾಗೇ ಪಿಡಿಎಫ್ ಮಾಡಿದರೆ ಮೊಬೈಲಿನಲ್ಲಿ ಹಿಗ್ಗಿಸಿ, ಎಳೆದು ಬೆರಳು ಸೋಲುತ್ತದೆ. ಆದ್ದರಿಂದ ‘ಮೋಟಾರು ತಿರುಗದಿದ್ದರೆ’, ‘ನೀರು ಏರದಿದ್ದರೆ’ ಎಂದು ತುಂಡು ತುಂಡಾಗಿ ಬರೆಯುತ್ತಾರೆ. ಈ ಪದ್ಧತಿಯ ‘ಡೀಟಾ’ ಎಂಬ ಮಾನದಂಡ 2005ರಲ್ಲೇ ಬಂದಿತ್ತು. ಅದು ಎಷ್ಟು ಬೇಕು ಎಂಬುದು ಮೊಬೈಲ್ ಬಂದ ಮೇಲೆ ಸರಿಯಾಗಿ ಗೊತ್ತಾಯಿತು.

ಗಡಿನಾಡಿನವರಾದ ನಮಗೆ ಇದರಲ್ಲಿ ಮುಖ್ಯ ಭಾಷೆಯ ಪ್ರಶ್ನೆ. ಕಾಗದದಲ್ಲಿ ಜಾಗಕ್ಕೆ ಲೆಕ್ಕ ಇತ್ತು. ಅಡಿಕೆ ತೋಟಕ್ಕೆ ತರುವ ಮದ್ದನ್ನೇ ನೋಡಿ. 1971ರ ಕೀಟನಾಶಕ ನಿಯಮಗಳ ಪ್ರಕಾರ ಲೇಬಲ್ಲಿನಲ್ಲಿ ಹಿಂದಿ, ಇಂಗ್ಲಿಷ್ ಜೊತೆಗೆ ಅದು ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆ ಇರಬೇಕು. ಗಮನಿಸಿ, ಅಲ್ಲಿರುವ ಮಾತು ‘ಪ್ರದೇಶ’, ‘ರಾಜ್ಯ’ ಅಲ್ಲ! ಆದರೆ ಅಚ್ಚು ಹಾಕುವವರಿಗೆ ರಾಜ್ಯ ನೋಡಿ ಭಾಷೆ ಹಾಕುವುದೇ ಸುಲಭ. ಮಂಜೇಶ್ವರದ ಕನ್ನಡಿಗನೂ ತಿರುವನಂತಪುರದವನೂ ಅವರಿಗೆ ಒಂದೇ. ಎಂಡೋಸಲ್ಫಾನ್ ಏನು ಮಾಡಿತೆಂದು ಕಣ್ಣಾರೆ ಕಂಡ ಜಿಲ್ಲೆಯಿದು. ಮದ್ದಿನ ಚೀಟಿ ಅರ್ಥವಾಗುವುದು ಇಲ್ಲಿ ಸಣ್ಣ ವಿಷಯವಲ್ಲ.

ಮೊಬೈಲಿಗೆ ಆ ಜಾಗದ ಲೆಕ್ಕ ಇಲ್ಲ. ಹತ್ತು ಭಾಷೆ ಸೇರಿಸಿದರೂ ಪೆಟ್ಟಿಗೆ ದಪ್ಪವಾಗದು. 2014ರ ಆಂಡ್ರಾಯ್ಡ್ ಆವೃತ್ತಿಯಲ್ಲೇ ಕನ್ನಡ ಇತ್ತು. ಹಾಗಿದ್ದೂ ಕೋಡ್ ತೆರೆದರೆ ಬರುವುದು ಹೆಚ್ಚಾಗಿ ಇಂಗ್ಲಿಷೇ. ತಮಾಷೆ ನೋಡಿ, ಜಗತ್ತಿನ ಎಷ್ಟೋ ಕಂಪೆನಿಗಳ ಕೈಪಿಡಿ ಬರೆಯುವವರು ಕೂತಿರುವುದು ಬೆಂಗಳೂರಿನಲ್ಲಿ! ಕ್ಯಾಮೆರಾ ಹಿಡಿದರೆ ಅನುವಾದ ಸಿಗುತ್ತದಲ್ಲ ಎನ್ನಬಹುದು. ಮಿಕ್ಸಿಗೆ ಅದು ಸಾಕು. ಆದರೆ ‘ಬೆರೆಸಬಾರದು’ ಹೋಗಿ ‘ಬೆರೆಸಬಹುದು’ ಆದರೆ? ಮದ್ದಿನ ಅಳತೆಗೆ ಅದನ್ನು ನಂಬುವ ಧೈರ್ಯ ನಮಗಂತೂ ಇಲ್ಲ.

ಕಾಗದವನ್ನು ಪೂರ್ತಿ ಕೈಬಿಡುವುದೂ ಸರಿಯಲ್ಲ. ತೋಟದ ನಡುವೆ ರೇಂಜ್ ಸಿಗದು, ಅಜ್ಜನ ಕೈಯಲ್ಲಿರುವುದು ಬಟನ್ ಫೋನು. ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ಯಂತ್ರೋಪಕರಣ ಕಾಯ್ದೆ ಜಾರಿಯಾಗುವುದು 2027ರ ಜನವರಿಯಿಂದ. ಡಿಜಿಟಲ್ ಕೈಪಿಡಿಗೆ ಅದರಲ್ಲಿ ಒಪ್ಪಿಗೆ ಇದೆ. ಆದರೆ ಕನಿಷ್ಠ 10 ವರ್ಷ ಅದು ಅಂತರ್ಜಾಲದಲ್ಲಿ ಸಿಗಬೇಕು, ಕೊಳ್ಳುವಾಗ ಕೇಳಿದವರಿಗೆ ಕಾಗದದ ಪ್ರತಿ ಪುಕ್ಕಟೆ ಕೊಡಬೇಕು. ಮನೆಬಳಕೆಯ ಯಂತ್ರವಾದರೆ ಸುರಕ್ಷತೆಯ ಮಾಹಿತಿ ಕಾಗದದಲ್ಲೇ ಇರಬೇಕು.

ಸದ್ಯಕ್ಕೆ ನಾವು ಮಾಡಬಹುದಾದದ್ದು ಇಷ್ಟು: ಬಿಲ್ಲು ಹಾಕಿಸುವ ಮೊದಲೇ ಅಂಗಡಿಯಲ್ಲಿ ಕೋಡ್ ತೆರೆದು ನೋಡುವುದು, ಕನ್ನಡ ಇಲ್ಲದಿದ್ದರೆ ಅಲ್ಲೇ ಕೇಳುವುದು, ಇದ್ದರೆ ಫೋನಿಗೆ ಇಳಿಸಿಕೊಳ್ಳುವುದು. ಕೊಂಡಿ ಯಾವತ್ತು ಸಾಯುತ್ತದೋ ಯಾರಿಗೆ ಗೊತ್ತು, ಪಂಪು ಮಾತ್ರ ಹದಿನೈದು ವರ್ಷ ಓಡುತ್ತದೆ.