ಒದ್ದೆ ಪಂಚೆಯ ಮಾತು ಮುಚ್ಚಿಡೋದೇಕೆ?

ನಮ್ಮ ಹೊಳಲ್ಕೆರೆ ಕಡೆ ಅಡಿಕೆ ಗಿಡದ ಸುಳಿ ಹಳದಿಯಾದರೆ ಹತ್ತು ಜನರನ್ನು ಕೇಳುತ್ತೇವೆ. ಪಂಚೆ ಒದ್ದೆಯಾದರೆ ಮಾತ್ರ ಹೆಂಡತಿಗೂ ಹೇಳೋದಿಲ್ಲ. ಪ್ರಾಸ್ಟೇಟ್ ಆಪರೇಷನ್ ಆದಮೇಲೆ ನಾನೂ ಒಂದು ವರ್ಷ ಬಾಯಿ ಬಿಡಲಿಲ್ಲ. ಕೆಮ್ಮಿದರೆ, ಮೂಟೆ ಎತ್ತಿದರೆ ನಾಲ್ಕು ಹನಿ. ಎಲ್ಲಿ ಇನ್ನೊಂದು ಆಪರೇಷನ್ ಅಂತಾರೋ ಅನ್ನೋ ಹೆದರಿಕೆ. ಹೊಸದುರ್ಗದ ಬಸ್ಸು ಹತ್ತುವ ದಿನ ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ.

ಅದೇ ದೊಡ್ಡ ತಪ್ಪು. ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶ ಇನ್ನಷ್ಟು ಕೆರಳುತ್ತದೆ, ಮಲಬದ್ಧತೆಯೂ ಸೇರಿಕೊಳ್ಳುತ್ತದೆ. ಹಗಲು ಸರಿಯಾಗಿ ಕುಡಿದು, ರಾತ್ರಿ ಮಲಗುವ ಮುಂಚೆ ಕಡಿಮೆ ಮಾಡಿದರೆ ಸಾಕು. ಟೀ ಕಡಿಮೆಯಾದಷ್ಟೂ ಒಳ್ಳೆಯದು.

ಕೊನೆಗೆ ಫಿಸಿಯೋಥೆರಪಿಯವರು ಹೇಳಿಕೊಟ್ಟದ್ದು ಇಷ್ಟೇ. ನಾಲ್ಕು ಜನರ ನಡುವೆ ಹೂಸು ತಡೆಯಲು ಯಾವ ಸ್ನಾಯು ಬಿಗಿಯುತ್ತೇವೋ ಅದನ್ನೇ ಐದು ಎಣಿಸುವವರೆಗೆ ಬಿಗಿಯಬೇಕು, ಐದು ಎಣಿಸುವವರೆಗೆ ಸಡಿಲ ಬಿಡಬೇಕು. ಹೀಗೆ 10 ಸಲ, ದಿನಕ್ಕೆ 3 ಹೊತ್ತು. ಉಸಿರು ಕಟ್ಟಬಾರದು; ಹೊಟ್ಟೆ, ತೊಡೆ ಬಿಗಿಯಬಾರದು. ಮೂಟೆ ಎತ್ತುವ ಮೊದಲು, ಕೆಮ್ಮು ಬರುವ ಮೊದಲು ಒಮ್ಮೆ ಬಿಗಿದುಕೊಳ್ಳಿ. ಅಮೆರಿಕದ ಡಾಕ್ಟರ್ ಕೆಗೆಲ್ 1948ರಲ್ಲಿ ಹೆರಿಗೆಯಾದ ಹೆಂಗಸರಿಗೆಂದು ಬರೆದ ವ್ಯಾಯಾಮವಂತೆ. ಗಂಡಸರಿಗೇನು ನಾಚಿಕೆ? ಹಾಲು ಕರೆಯುತ್ತಾ ಮಾಡಿದರೂ ಯಾರಿಗೂ ಗೊತ್ತಾಗೋದಿಲ್ಲ! ಗುಣ ಕಾಣಲು ಮೂರು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಮೆಡಿಕಲ್ ಶಾಪಿನ ಪ್ಯಾಡ್ ಇದ್ದೇ ಇದೆ. ಒದ್ದೆಯಾದ ತಕ್ಷಣ ಬದಲಿಸದಿದ್ದರೆ ತೊಡೆಸಂದು ಹುಣ್ಣಾಗುತ್ತದೆ.

ಆದರೆ ಎಲ್ಲ ಸೋರಿಕೆಯೂ ತೂಬು ಸಡಿಲವಾದದ್ದಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿತ್ತಲ್ಲ, ಮೂತ್ರಕೋಶವೂ ಹಾಗೇ ತುಂಬಿ ತುಳುಕಿ ಹನಿಯಬಹುದು. ಧಾರೆ ಸಣ್ಣಗಾಗಿದೆ, ಮುಕ್ಕಬೇಕು, ಹೋಗಿ ಬಂದರೂ ಖಾಲಿಯಾದಂತಿಲ್ಲ ಎಂದರೆ ವ್ಯಾಯಾಮ ನಂಬಿ ಕೂರಬೇಡಿ. ಊದಿದ ಪ್ರಾಸ್ಟೇಟ್ ದಾರಿ ಕಟ್ಟಿರಬಹುದು; ಹಾಗೇ ಬಿಟ್ಟರೆ ಕಿಡ್ನಿಗೆ ಪೆಟ್ಟು. ಅದಕ್ಕೂ ಬಹಳ ಮಂದಿಗೆ ಮೊದಲು ಮಾತ್ರೆಯನ್ನೇ ಕೊಡುತ್ತಾರೆ. ಮೂತ್ರ ಪೂರ್ತಿ ನಿಂತರೆ, ರಕ್ತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಪದೇ ಪದೇ ಹೋಗಬೇಕೆನಿಸಿದರೆ ಸಕ್ಕರೆ ಕಾಯಿಲೆಯನ್ನೂ ನೋಡಿಸಬೇಕು.

ನಮ್ಮೂರುಗಳಲ್ಲಿ ಕಣ್ಣಿನ ಶಿಬಿರ ಮಾಡ್ತೀವಿ, ದನಗಳಿಗೂ ಮಾಡ್ತೀವಿ. ಅರವತ್ತು ದಾಟಿದ ಗಂಡಸರನ್ನು ಪಕ್ಕಕ್ಕೆ ಕರೆದು 'ಯಜಮಾನ್ರೇ, ಸೋರುತ್ತಾ?' ಎಂದು ಒಬ್ಬ ಡಾಕ್ಟರಾದರೂ ಕೇಳುವ ಏರ್ಪಾಟನ್ನು ಹಾಲಿನ ಸೊಸೈಟಿಗಳೇ ಯಾಕೆ ಮಾಡಬಾರದು?

ನನಗೆ ಪೂರ್ತಿ ನಿಂತಿಲ್ಲ. ಮೂಟೆ ಭಾರವಾದರೆ ಈಗಲೂ ಒಂದೆರಡು ಹನಿ. ಆದರೆ ಮೊನ್ನೆ ಚಿತ್ರದುರ್ಗಕ್ಕೆ ಹೋಗಿ ಬಂದೆ, ದಾರಿಯುದ್ದಕ್ಕೂ ನೀರು ಕುಡಿದೇ.